ಹನ್ನೆರಡನೆಯ ಪಾಲು

“ಮಂಗನ ಕೈಗೆ ಮಾಣಿಕ್ಯ ಕೊಟ್ರೆ ಏನು ಮಾಡುತ್ತೆ? ಮೂಸಿ ನೋಡಿ ಬಿಸಾಕುತ್ತೆ. ನೀವೂ ಅಷ್ಟೇ. ನಿಮ್ಮ ಕೈಗೆ ಬರೋಕೆ ದುಡ್ಡಿಗೇ ನಾಚಿಕೆ. ಬೆಳಿಗ್ಗೆ ಬಂದದ್ದು ಸಂಜೆಯೊಳಗೆ ಓಡಿಹೋಗುತ್ತೆ.”

ಹೀಗೆ ಹೇಳಿ ಧಣಿಯ ಬಾಮೈದ ನಕ್ಕ. ಎದುರಿಗೆ ಖಾಲಿ ಗೋಣಿಚೀಲಗಳ ಮೇಲೆ ಕೂತಿದ್ದ ಹನ್ನೊಂದು ಮಂದಿ ಹಮಾಲಿಗಳೂ ನಕ್ಕರು. ಮಂಗ ಎಂದದ್ದು ಯಾರನ್ನು ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಧಣಿ ಗೋದಾಮಿನ ಬಾಗಿಲಲ್ಲಿ ನಿಂತು, ಯಾರು ನಗುತ್ತಾರೆ ಯಾರು ನಗುವುದಿಲ್ಲ ಎಂದು ನೋಡುತ್ತಿದ್ದ.

ನಗದೆ ಇದ್ದವಳು ದಬ್ಬಳದಮ್ಮ ಒಬ್ಬಳೇ. ಅವಳು ಕಂಬಕ್ಕೆ ಒರಗಿ, ಹರಿದ ಚೀಲವೊಂದನ್ನು ತೊಡೆಯ ಮೇಲೆ ಹರಡಿಕೊಂಡು ಹೊಲಿಯುತ್ತಿದ್ದಳು. ಗೋಣಿ ಹೊಲಿಯುವ ದಪ್ಪ ಸೂಜಿಗೆ ದಬ್ಬಳವೆನ್ನುತ್ತಾರೆ. ಮದುವೆಯಾದ ವರ್ಷದಿಂದ ಅದನ್ನೇ ಹಿಡಿದಿದ್ದ ಅವಳಿಗೆ ತಾಯಿತಂದೆ ಇಟ್ಟ ಹೆಸರು ಅಳಿಸಿಹೋಗಿ ಇದೇ ಹೆಸರು ಉಳಿದಿತ್ತು. ದಬ್ಬಳ ಹೆಚ್ಚು ಮೊನಚೋ ಅವಳ ನಾಲಿಗೆ ಹೆಚ್ಚು ಮೊನಚೋ ಎಂದು ಹಮಾಲಿಗಳು ಆಗಾಗ ಪಂಥ ಕಟ್ಟುತ್ತಿದ್ದರು. ಪಂಥ ಇತ್ಯರ್ಥವಾದದ್ದಿಲ್ಲ.

ವಾರಕ್ಕೆ ಅರ್ಧ ದಿನದ ಬಿಡುವು. ಅದನ್ನೂ ಕಿತ್ತುಕೊಂಡು ಈ ಪಾಠ. ಬಾರದವರಿಗೆ ಒಂದು ದಿನದ ಕೂಲಿ ಮುರಿಯುವುದಾಗಿ ಗುಮಾಸ್ತ ಮೊದಲೇ ಸಾರಿದ್ದ. ಪಾಠದ ಹೆಸರು ಆರ್ಥಿಕ ಸ್ವಾತಂತ್ರ್ಯ. ಪಾಠ ಹೇಳುವ ಬಾಮೈದ ಮೊದಲು ಬಟ್ಟೆ ಅಂಗಡಿ ಇಟ್ಟು ಮುಚ್ಚಿದ್ದ. ಆಮೇಲೆ ಎರಡು ಬಸ್ಸು ಕೊಂಡು ಬ್ಯಾಂಕಿಗೆ ಒಪ್ಪಿಸಿದ್ದ. ಕಡೆಗೆ ಕೋಳಿ ಸಾಕಿ, ಕೋಳಿಗಳೆಲ್ಲ ಒಂದೇ ವಾರದಲ್ಲಿ ಸತ್ತು, ಅಕ್ಕನ ಮನೆಯ ಅನ್ನ ಉಣ್ಣುತ್ತಿದ್ದ. ಈಗ ಎಲ್ಲೋ ಹೋಗಿ ಹದಿನೈದು ದಿನದ ತರಬೇತಿ ಪಡೆದು, ಕೊರಳಿಗೆ ಪಟ್ಟಿ ಬಿಗಿದುಕೊಂಡು ಬಂದಿದ್ದ. ಈಜು ಬಾರದವನು ದಡದಲ್ಲಿ ನಿಂತು ಮುಳುಗುವವರಿಗೆ ಕೈಕಾಲು ಬಡಿಯುವುದನ್ನು ಹೇಳಿಕೊಟ್ಟ ಹಾಗೆ. ಕೇಳುವವರು ಹನ್ನೆರಡೇ ಮಂದಿಯಾದರೂ ಅವನಿಗೆ ಮೈಕು ಬೇಕಾಗಿತ್ತು. ಅದರ ಸದ್ದಿಗೆ ತೊಲೆಯ ಮೇಲಿನ ಪಾರಿವಾಳಗಳು ಎದ್ದು ಹಾರಿ, ಮತ್ತೆ ಕೂತು, ಮತ್ತೆ ಹಾರುತ್ತಿದ್ದವು.

“ಹಣಕ್ಕಾಗಿ ನೀವು ದುಡೀಬಾರ್ದು. ಹಣ ನಿಮಗಾಗಿ ದುಡೀಬೇಕು. ನೀವು ಹಾಯಾಗಿ ನಿದ್ದೆ ಹೊಡೀತಿರಬೇಕು, ನಿಮ್ಮ ಹಣ ಎದ್ದು ಕೆಲಸ ಮಾಡ್ತಿರಬೇಕು. ಅರ್ಥ ಆಯ್ತಾ?”

“ನಾವು ನಿದ್ದೆ ಹೊಡೆದ್ರೆ ಗುಮಾಸ್ತ ಗೈರುಹಾಜರಿ ಹಾಕ್ತಾನೆ ಸಾರ್,” ಎಂದ ಹಿಂದೆ ಕೂತವನೊಬ್ಬ.

“ಇದೇ ನೋಡಿ ನಿಮ್ಮ ರೋಗ! ಬಡತನ ಜೇಬಲ್ಲಿಲ್ಲ ಕಣ್ರಯ್ಯಾ, ತಲೇಲಿದೆ.”

“ಹೌದು ಸಾರ್, ತಲೇಲೇ ಇದೆ,” ಎಂದಳು ದಬ್ಬಳದಮ್ಮ, ದಾರವನ್ನು ಹಲ್ಲಿನಿಂದ ಕಡಿಯುತ್ತ. “ಮೂಟೆ ಇಟ್ಟೂ ಇಟ್ಟೂ ಅಲ್ಲೇ ಕೂತ್ಬಿಟ್ಟಿದೆ.”

ಈ ಸಲ ಹಮಾಲಿಗಳು ನಕ್ಕ ನಗೆ ಬೇರೆಯದು. ಬಾಮೈದನಿಗೂ ಅದು ಗೊತ್ತಾಯಿತು. ಅವನು ಹಲಗೆಯ ಕಡೆ ತಿರುಗಿ ಸೀಮೆಸುಣ್ಣದಿಂದ ಒಂದು ಲೋಟದ ಚಿತ್ರ ಬರೆದ.

“ದಿನಕ್ಕೆ ಎಷ್ಟು ಟೀ ಕುಡೀತೀರಿ? ಮೂರು? ನಾಲ್ಕು? ಅದನ್ನ ಬಿಟ್ಟು ಆ ದುಡ್ಡು ಕೂಡಿಡಿ. ಇಪ್ಪತ್ತು ವರ್ಷಕ್ಕೆ ಒಂದು ಸ್ವಂತ ಮನೆ ಆಗುತ್ತೆ. ನೀವು ಕುಡೀತಿರೋದು ಟೀ ಅಲ್ಲ, ನಿಮ್ಮ ಮನೆಯ ಇಟ್ಟಿಗೆ.”

“ಧಣಿಗಳೂ ಟೀ ಕುಡೀತಾರಲ್ಲ ಸಾರ್. ಅವರಿಗೆ ಮೂರು ಮನೆ ಹ್ಯಾಗಾಯ್ತು?”

ಕೇಳಿದ್ದು ಮತ್ತೆ ಅವಳೇ. ಧಣಿ ಬಾಗಿಲಲ್ಲಿ ಒಮ್ಮೆ ಕೆಮ್ಮಿದ. ಅವನ ಕೆಮ್ಮಿಗೆ ಗೋದಾಮಿನಲ್ಲಿ ಒಂದು ಅರ್ಥವಿತ್ತು. ಹಮಾಲಿಗಳ ಮುಂದಾಳು, ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದ ಬೋಳುತಲೆಯ ಮುದುಕ, ಕತ್ತು ತಿರುಗಿಸಿ ಮೆಲ್ಲಗೆ, “ಸುಮ್ನಿರಕ್ಕ,” ಎಂದ.

ಬಾಮೈದ ಲೋಟವನ್ನು ಒರೆಸಿ ಲೆಕ್ಕ ಬರೆದ. ಗುಂಪಿಗೆ ವಾರಕ್ಕೆ ಬರುವ ಕೂಲಿಯನ್ನು ಗುಮಾಸ್ತ ಅವನಿಗೆ ಹೇಳಿಕೊಟ್ಟಿದ್ದ. ಅದನ್ನು ಹನ್ನೊಂದರಿಂದ ಭಾಗಿಸಿ, ಬಂದದ್ದರ ಕೆಳಗೆ ಎರಡು ಗೆರೆ ಎಳೆದ.

“ಇಷ್ಟು ಬರಬೇಕು ತಲೆಗೆ. ನೀನೆಷ್ಟು ತಗೊಂಡೆ ಹೋದ ವಾರ?” ಎಂದು ಮುಂದೆ ಕೂತಿದ್ದ ಹುಡುಗನನ್ನು ಕೇಳಿದ. ಹೊಸದಾಗಿ ಮದುವೆಯಾದ ಆ ಹಮಾಲಿಗೆ ಚಿಗುರುಮೀಸೆ ಎಂದೇ ಹೆಸರು. ಅವನು ಹೇಳಿದ. ಬಾಮೈದ ಅದನ್ನು ಪಕ್ಕದಲ್ಲಿ ಬರೆದು, ಸೊಂಟದ ಮೇಲೆ ಕೈಯಿಟ್ಟು ನಿಂತ.

“ಕಡಿಮೆ ಇದೆ. ಎಲ್ಲರಿಗೂ ಇಷ್ಟೇನಾ? ಎಲ್ಲರಿಗೂ! ಅಯ್ಯೋ ದೇವರೇ. ಭಾಗಾಕಾರಾನೂ ಬರಲ್ವೇನ್ರಯ್ಯಾ ನಿಮಗೆ? ಹನ್ನೊಂದು ಜನ ಇದೀರಿ, ಹನ್ನೆರಡರಿಂದ ಭಾಗಿಸ್ತೀರಿ! ಭಾವ, ನೋಡಿದ್ರಾ? ಎತ್ತುಗಳಿಗಾದ್ರೂ ಎಷ್ಟು ಎತ್ತು ಅಂತ ಗೊತ್ತಿರುತ್ತೆ!”

ದೊಡ್ಡಣ್ಣ ನೆಲ ನೋಡಿದ.

“ಹನ್ನೆರಡು ಪಾಲು ಸಾರ್,” ಎಂದ ಕಡೆಗೆ. “ತಪ್ಪು ಲೆಕ್ಕ ಅಲ್ಲ.”

“ಹನ್ನೆರಡನೆಯವನು ಎಲ್ಲಿ ಮತ್ತೆ? ಆಕಾಶದಲ್ಲಿದ್ದಾನಾ?”

ದಬ್ಬಳದಮ್ಮ ಹೊಲಿಗೆ ನಿಲ್ಲಿಸಿದಳು. “ಹೌದು ಸಾರ್. ನನ್ನ ಮಗ. ಮೂಟೆ ಒಟ್ಟಿದ್ದ ಅಟ್ಟಿ ಕುಸಿದು ಅದರ ಕೆಳಗೆ ಸಿಕ್ಕಿ ಸತ್ತ. ಇಲ್ಲೇ. ನೀವು ನಿಂತಿದೀರಲ್ಲ, ಆ ಜಾಗದಲ್ಲಿ.”

ಬಾಮೈದ ತಟ್ಟನೆ ಪಕ್ಕಕ್ಕೆ ಸರಿದ. ಮೈಕಿನ ವಯರು ಕಾಲಿಗೆ ಸುತ್ತಿಕೊಂಡಿತು.

ಎರಡು ವರ್ಷದ ಹಿಂದಿನ ಮಾತು. ಅಟ್ಟಿಯನ್ನು ಅಷ್ಟು ಎತ್ತರ ಒಟ್ಟಿಸಬೇಡಿ, ವಾಲುತ್ತಿದೆ ಎಂದು ದೊಡ್ಡಣ್ಣ ಹೇಳಿದ್ದ. ಜಾಗಕ್ಕೇನು ನಿಮ್ಮಪ್ಪ ಬಾಡಿಗೆ ಕೊಡ್ತಾನಾ ಎಂದು ಧಣಿ ಕೇಳಿದ್ದ. ಮರುದಿನ ಅದು ವಾಲಿತು. ಗಂಟೆ ಹೊಡೆಯುವುದಕ್ಕೆ ಮುಂಚೆ ಒಳಗೆ ಬಂದಿದ್ದನಾದ್ದರಿಂದ ಸತ್ತವನು ಕೆಲಸದ ಮೇಲೆ ಇರಲಿಲ್ಲವೆಂದೂ, ಬಹುಶಃ ಕಳ್ಳತನಕ್ಕೆ ಬಂದಿದ್ದನೆಂದೂ ಧಣಿ ಬರೆಸಿದ. ಬೇಗ ಬಂದು ನೆಲ ಗುಡಿಸು ಎಂದು ಹಿಂದಿನ ಸಂಜೆ ಹೇಳಿ ಕಳಿಸಿದವನೂ ಅವನೇ. ಆಮೇಲೆ, ಲೋಕ ಏನೆಂದುಕೊಂಡೀತು ಎಂದು, ಸತ್ತವನ ಮನೆಗೆ ಅರ್ಧ ಮೂಟೆ ಕಾಳು ಕಳಿಸಿದ. ನೆಲದಿಂದ ಗುಡಿಸಿದ ಕಾಳು. ಕಲ್ಲು, ಹೊಟ್ಟು, ಇಲಿಯ ಹಿಕ್ಕೆ ಎಲ್ಲವೂ ಅದರಲ್ಲಿತ್ತು. ದಬ್ಬಳದಮ್ಮ ಅದನ್ನು ಹೊಸ್ತಿಲು ದಾಟಿಸಲಿಲ್ಲ. ಮುಂದಿನ ವಾರ ಆ ಅರ್ಧ ಮೂಟೆಯ ಬೆಲೆಯನ್ನು ಅವಳ ಕೂಲಿಯಲ್ಲಿ ಮುರಿದಿದ್ದರು.

ಹಮಾಲಿಗಳಲ್ಲಿ ಒಂದು ಪದ್ಧತಿ. ಯಾವನಾದರೂ ಜ್ವರ ಬಂದು ಮಲಗಿದರೆ, ಬೆನ್ನು ಹಿಡಿದುಕೊಂಡರೆ, ಅವನು ಎದ್ದು ಬರುವ ತನಕ ಅವನ ಪಾಲು ಮನೆಗೆ ಹೋಗಬೇಕು. ಅಪ್ಪಂದಿರ ಕಾಲದಿಂದ ಬಂದದ್ದು. ಎದ್ದೇ ಬಾರದವನ ಪಾಲು ಏನಾಗಬೇಕು ಎಂಬುದನ್ನು ಅಪ್ಪಂದಿರು ಹೇಳಿರಲಿಲ್ಲ. ಮೊದಲ ವಾರ ದೊಡ್ಡಣ್ಣ ಪಾಲು ತಂದು ದಬ್ಬಳದಮ್ಮನಿಗೆ ಕೊಟ್ಟ. ಎರಡನೆಯ ವಾರವೂ ತಂದ. ಅದನ್ನು ನಿಲ್ಲಿಸುವ ಮಾತನ್ನು ಯಾರು ಮೊದಲು ಆಡಬೇಕು? ಯಾರೂ ಆಡಲಿಲ್ಲ. ಖಾಲಿಯಾದ ಜಾಗಕ್ಕೆ ಚಿಗುರುಮೀಸೆ ಬಂದ ಮೇಲೂ ಅದು ನಿಲ್ಲದೆ, ಹನ್ನೊಂದು ಜನಕ್ಕೆ ಪಾಲುಗಳು ಹನ್ನೆರಡಾದವು. ಆ ದುಡ್ಡಿನಲ್ಲಿ ಮೊಮ್ಮಗಳು ಶಾಲೆಗೆ ಹೋಗುತ್ತಿದ್ದಳು. ಹನ್ನೊಂದು ವರ್ಷದ ಹುಡುಗಿ. ಓದುವಾಗ ಕೆಳತುಟಿ ಕಚ್ಚಿಕೊಳ್ಳುತ್ತಿದ್ದಳು, ಅಪ್ಪನ ಹಾಗೆ.

ಬಾಮೈದ ವಯರು ಬಿಡಿಸಿಕೊಂಡು ಗಂಟಲು ಸರಿಮಾಡಿಕೊಂಡ. ಸೀಮೆಸುಣ್ಣ ತೆಗೆದು ಹನ್ನೆರಡು ಎಂದು ಬರೆದು ಅದರ ಸುತ್ತ ಒಂದು ಸೊನ್ನೆ ಸುತ್ತಿದ.

“ಪಾಪ, ಆಗಬಾರದಿತ್ತು. ಆದ್ರೆ ಭಾವನೆ ಬೇರೆ, ಲೆಕ್ಕ ಬೇರೆ. ಸತ್ತವರಿಗೆ ಖರ್ಚಿಲ್ಲ. ಊಟ ಇಲ್ಲ, ಬಟ್ಟೆ ಇಲ್ಲ, ಬಾಡಿಗೆ ಇಲ್ಲ. ಹನ್ನೊಂದು ಜನ ಸೇರ್ಕೊಂಡು ಒಂದು ಹೆಣಕ್ಕೆ ಸಂಬಳ ಕೊಡ್ತಿದೀರಿ. ನಿಮ್ಮ ಸೋರುವ ಕೊಡದ ತೂತು ಇದೇ. ಇದನ್ನ ಮುಚ್ಚಿ. ನಾಳೆಯಿಂದಲೇ ಸಾಹುಕಾರರಾಗ್ತೀರಿ.”

ದಬ್ಬಳದಮ್ಮ ಅವನನ್ನು ನೋಡಿದಳು. ಅವನ ಬೂಟು ಹೊಳೆಯುತ್ತಿತ್ತು. ಕೊರಳ ಪಟ್ಟಿಯ ಮೇಲೆ ಬೆಳಗಿನ ತಿಂಡಿಯ ಕಲೆಯಿತ್ತು. ಇವನ ಹೆಂಡತಿಯಾದವಳು ಇದನ್ನು ಕಂಡೂ ಸುಮ್ಮನೆ ಕಳಿಸಿದ್ದಾಳೆ, ಅವಳಿಗೂ ಇವನು ಬೇಡವಾಗಿದ್ದಾನೆ ಎಂದುಕೊಂಡಳು. ಉಗಿಯಬೇಕೆನ್ನಿಸಿತು. ಮಗ ಬಿದ್ದ ನೆಲವೆಂದು ಉಗುಳು ನುಂಗಿದಳು.

ಆಮೇಲೆ ಧಣಿ ಒಳಗೆ ಬಂದ. ಅವನಿಗೆ ಮೈಕು ಬೇಕಾಗಲಿಲ್ಲ.

“ಕೇಳಿದ್ರಲ್ಲ? ನನ್ನ ಬಾಮೈದ ನಿಮ್ಮ ಒಳ್ಳೇದಕ್ಕೆ ಹೇಳಿದ್ದು. ನಾಳೆಯಿಂದ ಗುಂಪಿನ ಕೂಲಿ ಇಲ್ಲ. ಹೊತ್ತವನಿಗೆ ಹೊತ್ತಷ್ಟು, ಅವನವನ ಕೈಗೇ. ಅದರಲ್ಲಿ ನಾಲ್ಕರಲ್ಲೊಂದು ಭಾಗ ನನ್ನ ಹತ್ರ ಇರುತ್ತೆ, ಸ್ವಾತಂತ್ರ್ಯ ನಿಧಿ ಅಂತ. ಹತ್ತು ವರ್ಷ ಆದ್ಮೇಲೆ ಬಡ್ಡಿ ಸೇರಿಸಿ ಕೊಡ್ತೀನಿ.”

“ಮಧ್ಯದಲ್ಲಿ ಬಿಟ್ಟು ಹೋದ್ರೆ ಧಣಿ?” ಎಂದ ದೊಡ್ಡಣ್ಣ.

“ಬಿಟ್ಟು ಹೋಗೋನಿಗೆ ಯಾಕೆ ಕೊಡಲಿ? ಶಿಸ್ತು ಇಲ್ಲದವನಿಗೆ ಸ್ವಾತಂತ್ರ್ಯ ಯಾಕೆ?”

“ಸತ್ತೋದ್ರೆ?”

“ಏಯ್, ಒಳ್ಳೆ ಮಾತಾಡೋ ಬೋಳಿಮಗನೇ! ಶುಭ ಕಾರ್ಯಕ್ಕೆ ಕೂತಾಗ ಸಾವಿನ ಮಾತು!”

ಗುಮಾಸ್ತ ಮಸಿಯ ಡಬ್ಬಿ ತಂದ. ಒಬ್ಬೊಬ್ಬರೇ ಎದ್ದು ಹೋಗಿ ಹೆಬ್ಬೆಟ್ಟು ಒತ್ತಿದರು. ಮೊದಲು ಒತ್ತಿದವನು ಚಿಗುರುಮೀಸೆ. ಕಡೆಗೆ ಒತ್ತಿದವನು ದೊಡ್ಡಣ್ಣ. ಒತ್ತಿ, ಬೆರಳನ್ನು ಪಂಚೆಗೆ ಒರೆಸಿಕೊಳ್ಳದೆ ಗಾಳಿಯಲ್ಲಿ ಹಿಡಿದು ನಿಂತ, ಅದು ಬೇರೆ ಯಾರದೋ ಬೆರಳೆಂಬಂತೆ.

ದಬ್ಬಳದಮ್ಮ ಹೊರಡುವಾಗ ಧಣಿ ಕರೆದ. “ಏನಮ್ಮ, ಮುಖ ಯಾಕೆ ಊದಿಸ್ಕೊಂಡೆ? ಮೊಮ್ಮಗಳು ಬೆಳೆದಿದಾಳಲ್ಲ, ಕರ್ಕೊಂಡ್ಬಾ. ಓದಿ ಅವಳೇನು ನ್ಯಾಯಾಧೀಶಳಾಗಬೇಕಾ? ಸಣ್ಣ ಬೆರಳು, ಹೊಲಿಗೆ ಚೆನ್ನಾಗಿ ಬೀಳುತ್ತೆ. ಇನ್ನೊಂದು ದಬ್ಬಳ ತರಿಸ್ತೀನಿ.”

ಅವಳು ನಾಲಿಗೆಗೆ ಏನೋ ಬಂದದ್ದನ್ನು ಹಿಡಿದಳು. ನಾಳೆ ಮತ್ತೆ ಈ ಬಾಗಿಲಿಂದಲೇ ಒಳಗೆ ಬರಬೇಕಾಗಿತ್ತು. “ನಿಮ್ಮ ಋಣ ನನಗೊಬ್ಬಳಿಗೇ ಸಾಕು ಧಣಿ,” ಎಂದಷ್ಟೇ ಹೇಳಿ ನಡೆದಳು.

ಹೊರಗೆ ನಲ್ಲಿಯ ಹತ್ತಿರ ಚಿಗುರುಮೀಸೆ ಹೆಬ್ಬೆರಳನ್ನು ಕಲ್ಲಿಗೆ ತಿಕ್ಕುತ್ತಿದ್ದ.

“ತಿಕ್ಕು, ತಿಕ್ಕು. ಚರ್ಮ ಹೋಗುತ್ತೆ, ಮಸಿ ಹೋಗಲ್ಲ,” ಎಂದಳು.

ಅವನು ಎದ್ದು ನಿಂತ. “ನೋಡಮ್ಮ, ನನ್ನ ಮೇಲೆ ಕಣ್ಣು ಕೆಂಪು ಮಾಡಬೇಡ. ನಾನು ನಿನ್ನ ಮಗನ ಮುಖಾನೇ ನೋಡಿದವನಲ್ಲ. ಎರಡು ವರ್ಷದಿಂದ ಕೊಡ್ತಿದೀನಿ. ನನ್ನ ಹೆಂಡ್ತಿ ಬಸುರಿ. ಡಾಕ್ಟ್ರು ಹಾಲು ಕುಡಿಸು ಅಂತಾರೆ. ಯಾವನ ಮನೆ ಹಾಲು ಕುಡಿಸ್ಲಿ?”

“ಕೊಡಬೇಡ ಅಂತ ನಾಲಿಗೆ ಬಿಚ್ಚಿ ಹೇಳಬೇಕಿತ್ತು. ಆ ಹಲ್ಕಟ್ ಬಂದು ಹೇಳೋ ತನಕ ಕಾದೆಯಲ್ಲೋ?”

“ನಿನ್ನ ಮುಖ ನೋಡ್ಕೊಂಡು ಹೆಂಗೆ ಹೇಳ್ಲಿ?”

“ಈಗ ಹೆಂಗೆ ಹೇಳ್ತಿದೀಯ?”

ಅವಳು ಅವನ ಭುಜವನ್ನು ನೋಡಿದಳು. ಎಡಭುಜದ ಮೇಲೆ ಗೋಣಿ ಉಜ್ಜಿ ಉಜ್ಜಿ ಕಪ್ಪು ದಡ್ಡು ಕಟ್ಟಿತ್ತು. ಮಗನಿಗೂ ಅಲ್ಲೇ ಕಟ್ಟಿತ್ತು. ರಾತ್ರಿ ಎಣ್ಣೆ ಹಚ್ಕೋ ಎಂದು ಹೇಳಲು ಬಾಯಿ ತೆರೆದವಳು, “ಹಾಲು ಕುಡಿಸು. ಒಳ್ಳೆ ಮಗು ಆಗಲಿ. ನಿನ್ನ ಹಾಗೆ ಆಗದಿರಲಿ,” ಎಂದು ಹೊರಟುಬಿಟ್ಟಳು.

ಸಂಜೆ ದೊಡ್ಡಣ್ಣ ಬಂದ. ಅವಳ ಮನೆ ಒಂದೇ ಕೋಣೆ. ಗೋಡೆಗೆ ಒಂದು ದೀಪ, ದೀಪದ ಕೆಳಗೆ ದೇವರು, ದೇವರ ಪಕ್ಕದಲ್ಲಿ ಮಗನ ಅಂಗಿ ಮೊಳೆಗೆ ತೂಗುಹಾಕಿತ್ತು. ಸೊಸೆ ಹಾಸ್ಟೆಲಿನಲ್ಲಿ ಪಾತ್ರೆ ತಿಕ್ಕುವ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಮೊಮ್ಮಗಳು ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಪಾಠ ಓದುತ್ತಿದ್ದಳು. ದೊಡ್ಡಣ್ಣ ಒಳಗೆ ಬರದೆ ಹೊಸ್ತಿಲಾಚೆಯೇ ಕುಕ್ಕರಗಾಲಲ್ಲಿ ಕೂತ.

“ಒಳಗೆ ಬಾ. ಹೆಣಕ್ಕೆ ಸಂಬಳ ಕೊಡೋರು ಹೊರಗೆ ಕೂತ್ಕೊಂಡ್ರೆ ಮರ್ಯಾದೆ ಅಲ್ಲ.”

“ಹಂಗೆಲ್ಲ ಅನ್ನಬೇಡಕ್ಕ.” ಅವನು ಸೊಂಟದಿಂದ ಪೊಟ್ಟಣ ತೆಗೆದು ಹೊಸ್ತಿಲ ಮೇಲಿಟ್ಟ. “ಇದು ಈ ವಾರದ್ದು. ಇದೇ… ಹುಡುಗರೆಲ್ಲ ಕೂತು ಮಾತಾಡಿದ್ವಿ. ನಾಲ್ಕು ಜನ ಕೊಡೋಣ ಅಂದ್ರು. ಮಿಕ್ಕವರು ಏನೂ ಅನ್ನಲಿಲ್ಲ.”

“ಏನೂ ಅನ್ನದೇ ಇದ್ರೆ ಬೇಡ ಅಂತ. ನಂಗೆ ಗೊತ್ತು ಬಿಡು. ನೀನು ಯಾವ ಕಡೆ?”

ದೊಡ್ಡಣ್ಣ ಬೋಳು ತಲೆಯ ಮೇಲೆ ಕೈಯಾಡಿಸಿಕೊಂಡ. “ಪದ್ಧತಿ ಮಾಡಿದೋರು ಕಾಯಿಲೆ ಬಿದ್ದೋರಿಗೆ ಅಂತ ಮಾಡಿದ್ರಕ್ಕ. ಎದ್ದು ಬರೋ ತನಕ ಅಂತ.”

“ನನ್ನ ಮಗ ಎದ್ದು ಬಂದ್ನಾ?”

“ಇಲ್ಲ.”

“ಮತ್ತೆ?”

ಮೊಮ್ಮಗಳ ಓದು ನಿಂತಿತ್ತು. ಅವಳು ತಿರುಗಿ ನೋಡಲಿಲ್ಲ, ಆದರೆ ಕಿವಿ ಇತ್ತ ಇತ್ತು.

“ಅಕ್ಕ, ನಂಗೂ ಹೊಟ್ಟೆ ಉರಿಯುತ್ತೆ. ಆ ಅಟ್ಟೀನ ಒಟ್ಟಿದ್ದು ನನ್ನ ಕೈ. ದಿನಾ ನೆನಪಾಗುತ್ತೆ. ಆದ್ರೆ ಇನ್ಮೇಲೆ ಒಟ್ಟಿಗೆ ಬರೋ ದುಡ್ಡೇ ಇಲ್ಲ. ಒಬ್ಬೊಬ್ಬರ ಜೇಬಿಗೆ ಕೈ ಹಾಕಿ ತೆಗೀಲಾ? ನಾಳೆ ಅವರು ನನ್ನನ್ನೇ ಕಳ್ಳ ಅಂತಾರೆ. ಧಣಿ ಹೇಳಿದ್ದು ಕೇಳಿದೆಯಲ್ಲ. ಹೊತ್ತವನಿಗೆ ಹೊತ್ತಷ್ಟು.”

“ಕೇಳಿದೆ.”

“ನಾನೇನು ಮಾಡ್ಲಿ ಹೇಳು.”

“ನೀನು ಏನು ಮಾಡ್ತೀಯ? ಮೂವತ್ತು ವರ್ಷ ಮೂಟೆ ಹೊತ್ತೆ, ಬೆನ್ನು ಗೂನಾಯ್ತು ಅಂದ್ಕೊಂಡಿದ್ದೆ. ಇವತ್ತು ಗೊತ್ತಾಯ್ತು, ಅಲ್ಲಿ ಬೆನ್ನೇ ಇರಲಿಲ್ಲ. ಹೋಗು, ಮನೇಲಿ ಕಾಯ್ತಿರ್ತಾರೆ.”

ಅವನು ಎದ್ದು ಹೋದ. ಬೈದದ್ದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ, ಇನ್ನಷ್ಟು ಬೈಯಬಹುದಿತ್ತು ಎಂಬಂತೆ ಎರಡು ಸಲ ಹಿಂತಿರುಗಿ ನೋಡಿದ. ದಬ್ಬಳದಮ್ಮ ಹೊಸ್ತಿಲ ಮೇಲಿನ ಪೊಟ್ಟಣವನ್ನು ತೆಗೆದುಕೊಂಡಳು. ಬೇಡವೆನ್ನುವಷ್ಟು ಸಿರಿವಂತಿಕೆ ಅವಳಿಗಿರಲಿಲ್ಲ.

“ಅಜ್ಜಿ,” ಎಂದಳು ಹುಡುಗಿ, ಗೋಡೆಯ ಕಡೆಯೇ ನೋಡುತ್ತ, “ನಾನು ಚೀಲ ಹೊಲೀತೀನಿ. ನಂಗೆ ಬರುತ್ತೆ. ನೀನು ಹೊಲಿಯೋದು ನೋಡಿದೀನಿ.”

“ಬಾಯಿ ಮುಚ್ಕೊಂಡು ಓದು ಮುಂಡೇದೆ! ಕೈಗೆ ದಬ್ಬಳ ತಗೊಂಡ್ರೆ ಬೆರಳು ಮುರೀತೀನಿ.”

ಹುಡುಗಿ ಓದಿದಳು. ದಬ್ಬಳದಮ್ಮ ದೀಪಕ್ಕೆ ಎಣ್ಣೆ ಹಾಕಿ ದೇವರ ಮುಂದೆ ಕೂತಳು. ಮಗ ಸತ್ತಾಗಿನಿಂದ ಅವಳು ದೇವರಲ್ಲಿ ಏನನ್ನೂ ಬೇಡಿರಲಿಲ್ಲ. ದೀಪ ಹಚ್ಚುವುದು, ಕೈ ಮುಗಿಯುವುದು, ಏಳುವುದು. ನೀನು ನಿನ್ನ ಕೆಲಸ ಮಾಡಲಿಲ್ಲ, ನಾನು ನನ್ನದನ್ನು ಬಿಡುವುದಿಲ್ಲ ಎಂಬುದು ಅವಳ ಭಕ್ತಿ. ಇವತ್ತು ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಕೂತಳು. ಕೂತು, ಬಾಯಿ ಬಿಟ್ಟು ಒಂದೇ ಮಾತು ಕೇಳಿದಳು: “ನಾಳೆ ಒಂದು ಹೊತ್ತು ಮೊಣಕಾಲು ಮಡಚದ ಹಾಗೆ ನೋಡ್ಕೋ. ಆಮೇಲೆ ನಿನ್ನಿಷ್ಟ.”

ಬೆಳಿಗ್ಗೆ ಗಂಟೆ ಹೊಡೆಯಿತು. ಗೋದಾಮಿನ ಬಾಗಿಲಿಗೆ ಲಾರಿ ಹಿಮ್ಮುಖವಾಗಿ ಬಂದು ನಿಂತು, ಎಂಜಿನ್ನು ಗುರುಗುಡುತ್ತಿತ್ತು. ನೆಲದಿಂದ ಲಾರಿಗೆ ಒಂದೇ ಹಲಗೆ. ಗುಮಾಸ್ತ ಲಾರಿಯ ಮೇಲೆ, ಹಲಗೆಯ ತುದಿಯಲ್ಲಿ, ಹೊಸದೊಂದು ಡಬ್ಬಿ ಹಿಡಿದು ಕೂತಿದ್ದ. ಅದರ ತುಂಬ ತಗಡಿನ ಬಿಲ್ಲೆಗಳು. ಮೂಟೆಗೊಂದು ಬಿಲ್ಲೆ, ಸಂಜೆ ಬಿಲ್ಲೆ ಕೊಟ್ಟು ಕೂಲಿ ತೆಗೆದುಕೊಳ್ಳಬೇಕು. ಧಣಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಬಾಮೈದ ತನ್ನ ಪಾಠದ ಫಲವನ್ನು ಫೋನಿನಲ್ಲಿ ಹಿಡಿಯಲು ಅಡ್ಡಾಡುತ್ತಿದ್ದ.

ಅಟ್ಟಿಯ ಬಳಿ ಇಬ್ಬರು ಮೂಟೆ ಎತ್ತಿಕೊಡುತ್ತಾರೆ. ಮಿಕ್ಕವರು ಒಬ್ಬರ ಹಿಂದೊಬ್ಬರು ಬೆನ್ನು ಕೊಟ್ಟು ಸಾಲಾಗಿ ನಡೆಯುತ್ತಾರೆ. ಸಾಲಿನಲ್ಲಿ ಮುಂದಿನವನನ್ನು ಯಾರೂ ದಾಟುವುದಿಲ್ಲ. ಎಡವಿದರೆ ಕಾಯುತ್ತಾರೆ, ದಣಿದರೆ ಕಾಯುತ್ತಾರೆ. ದಾಟಿದವನಿಗೆ ಮರುದಿನ ಮೂಟೆ ಎತ್ತಿಕೊಡುವವರು ಸಿಗುವುದಿಲ್ಲ.

ಅಂದು ಎತ್ತಿಕೊಡುವ ಸರದಿ ಚಿಗುರುಮೀಸೆ ಮತ್ತು ಇನ್ನೊಬ್ಬನದು. ಮೊದಲ ಮೂಟೆಗೆ ಕೈಹಾಕಿ ತಿರುಗಿದರೆ, ಎದುರಿಗೆ ಬಾಗಿದ್ದ ಬೆನ್ನು ದೊಡ್ಡಣ್ಣನದಲ್ಲ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ತಲೆಗೆ ಮಗನ ಅಂಗಿಯನ್ನು ಬಿಗಿದು ಸುತ್ತಿಕೊಂಡು, ದಬ್ಬಳದಮ್ಮ ಸಾಲಿನ ಮೊದಲಿಗೆ ನಿಂತಿದ್ದಳು. ಅಂಗಿಯ ತೋಳುಗಳೆರಡೂ ಬೆನ್ನ ಮೇಲೆ ಇಳಿಬಿದ್ದಿದ್ದವು.

“ಇಡೋ.”

“ಅಮ್ಮಾ, ಹುಚ್ಚು ಹಿಡೀತಾ ನಿಂಗೆ?”

“ಹೊತ್ತವನಿಗೆ ಹೊತ್ತಷ್ಟು ಅಂದಿದ್ದಾನೆ ಧಣಿ. ಹೊತ್ತವಳಿಗೆ ಇಲ್ಲ ಅಂದಿಲ್ಲ. ಮದುವೆಗೆ ಮುಂಚೆ ಕಲ್ಲು ಹೊತ್ತು ಮೂರು ಮಹಡಿ ಹತ್ತಿದೀನಿ. ಇಡು.”

ಚಿಗುರುಮೀಸೆ ದೊಡ್ಡಣ್ಣನ ಮುಖ ನೋಡಿದ. ದೊಡ್ಡಣ್ಣ ಅವಳ ಹಿಂದೆ ಬಂದು, ಸಾಲಿನಲ್ಲಿ ಎರಡನೆಯವನಾಗಿ ಬೆನ್ನು ಬಾಗಿಸಿ ನಿಂತಿದ್ದ. ಹುಡುಗ ತುಟಿ ಕಚ್ಚಿ ಮೂಟೆ ಎತ್ತಿದ. ಇಳಿಸುವಾಗ ಒಂದು ಗಳಿಗೆ ಭಾರವನ್ನು ತನ್ನ ಕೈಯಲ್ಲೇ ಉಳಿಸಿಕೊಂಡ.

“ಪೂರ್ತಿ ಬಿಡೋ ಬೇವರ್ಸಿ. ಅರ್ಧ ಕೂಲಿಗೆ ಬಂದಿಲ್ಲ ನಾನು.”

ಅವನು ಬಿಟ್ಟ. ಅವಳ ಬಾಯಿಂದ ಗಾಳಿ ಹೊರಟಿತು. ಕಣ್ಣು ಕತ್ತಲೆಗಟ್ಟಿತು, ಬೆನ್ನೊಳಗೆ ಎಲ್ಲೋ ಹಸಿ ಕಟ್ಟಿಗೆ ಮುರಿದ ಹಾಗೆ ಆಯಿತು. ಮೊಣಕಾಲು ಮಡಚಲಿಲ್ಲ. ಇಷ್ಟು ಭಾರವನ್ನು ಅವನು ದಿನವೆಲ್ಲ ಹೊತ್ತು, ಸಂಜೆ ಮನೆಗೆ ಬಂದು ಮಗಳನ್ನು ಉಪ್ಪುಮೂಟೆ ಮಾಡುತ್ತಿದ್ದನಲ್ಲ ಎಂದುಕೊಂಡಳು. ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಹಲಗೆಯ ಮೇಲೆ ಕಾಲಿಟ್ಟಾಗ ಅದು ಕಿರ್ರೆಂದಿತು.

ಆಗ ಧಣಿ ನೋಡಿದ. “ಏಯ್! ಏನೋ ಅದು? ಯಾರೋ ಅವಳ ಬೆನ್ನಿಗೆ ಹೊರಿಸಿದ್ದು, ಸೂಳೇಮಕ್ಕಳಾ?”

ಅವಳು ಹಲಗೆಯ ನಡುವಿಗೆ ಬಂದು ನಿಂತಳು. ಮೇಲೆ ಮುಖವೆತ್ತಲು ಆಗದೆ, ಗುಮಾಸ್ತನ ಚಪ್ಪಲಿಗಳಿಗೆ ಹೇಳಿದಳು:

“ಬಿಲ್ಲೆ ತೆಗಿ.”

“ನಿನ್ನ ಹೆಸರಿಲ್ಲಮ್ಮ ಹಾಜರಿ ಪುಸ್ತಕದಲ್ಲಿ,” ಎಂದ ಗುಮಾಸ್ತ ತೊದಲುತ್ತ.

“ನನ್ನ ಮಗನ ಹೆಸರಿಗೆ ಕೊಡು.”

“ಆ ಹೆಸರು ಹೊಡೆದು ಹಾಕಿ ಎರಡು ವರ್ಷ ಆಯ್ತಲ್ಲ…”

“ಮತ್ತೆ ಬರಿ. ಕಾಯ್ತೀನಿ.”

ಧಣಿ ಎದ್ದು ಬಂದ. ಕುರ್ಚಿ ಹಿಂದಕ್ಕೆ ಬಿತ್ತು. “ಇಳಿಯೇ ಮುದುಕಿ! ಬಿದ್ದು ಸತ್ತು ನನ್ನ ತಲೆಗೆ ತರ್ತೀಯಾ?”

“ನಿನ್ನ ತಲೆಗೆ ಏನು ಬಂದ್ರೂ ಇನ್ನೊಬ್ಬರ ತಲೆಗೆ ಇಳಿಸ್ತೀಯಲ್ಲ ಧಣಿ, ಗಾಬರಿ ಯಾಕೆ? ಈಗ ಗಂಟೆ ಹೊಡೆದಾಗಿದೆ. ಕಳ್ಳತನಕ್ಕೆ ಬಂದೆ ಅಂತ ಬರೆಸೋಕಾಗಲ್ಲ.”

ಮಾತಿನ ನಡುವೆ ಉಸಿರು ಸಿಕ್ಕಿ ಸಿಕ್ಕಿ ಬರುತ್ತಿತ್ತು. ಬಾಮೈದ ಫೋನು ಎತ್ತಿ ಹಿಡಿದವನು, ಇಂಥದು ಹಿಡಿಯುವುದೋ ಬೇಡವೋ ತಿಳಿಯದೆ ಕೆಳಗಿಳಿಸಿದ.

“ದೊಡ್ಡಣ್ಣ! ಅವಳನ್ನ ಪಕ್ಕಕ್ಕೆ ತಳ್ಳಿ ಹತ್ತು ನೀನು! ಲಾರಿ ಕಾಯ್ತಾ ಇದೆ!”

ದೊಡ್ಡಣ್ಣನ ಬೆನ್ನ ಮೇಲೂ ಈಗ ಮೂಟೆಯಿತ್ತು. ಅವನು ಹಲಗೆಯ ಬುಡದಲ್ಲಿ ನಿಂತಿದ್ದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ, ಎಲ್ಲರೂ ಮೂಟೆ ಹೊತ್ತು ಬಾಗಿದ್ದರು. ಬಾಗಿದವರ ಮುಖ ಧಣಿಗೆ ಕಾಣಿಸುತ್ತಿರಲಿಲ್ಲ.

“ಮುಂದಿನವರನ್ನ ದಾಟೋದಿಲ್ಲ ಧಣಿ,” ಎಂದ ದೊಡ್ಡಣ್ಣ, ನೆಲಕ್ಕೆ.

“ಹಾಗಾದ್ರೆ ಮೂಟೆ ಇಳಿಸಿ ಹಾಳಾಗಿ ಹೋಗಿ! ಹೊರಗೆ ಹತ್ತು ಜನ ಕೆಲಸಕ್ಕೆ ಬಾಯ್ಬಿಟ್ಕೊಂಡು ನಿಂತಿದಾರೆ!”

ಯಾರೂ ಇಳಿಸಲಿಲ್ಲ. ಅಟ್ಟಿಯ ಬಳಿ ಚಿಗುರುಮೀಸೆ, ಸಾಲಿನಲ್ಲಿ ಹೊರದೆ ಉಳಿದವರು ಯಾರೂ ಇಲ್ಲದ್ದರಿಂದ, ಕಡೆಗೊಂದು ಮೂಟೆಯನ್ನು ತಾನೇ ಬೆನ್ನಿಗೆಳೆದುಕೊಂಡು ಎಲ್ಲರ ಹಿಂದೆ ಬಂದು ನಿಂತ. ದಬ್ಬಳದಮ್ಮನ ಗದ್ದದಿಂದ ಬೆವರು ಹಲಗೆಯ ಮೇಲೆ ಹನಿ ಹನಿಯಾಗಿ ಬೀಳುತ್ತಿತ್ತು. ಕಾಲುಗಳು ನಡುಗುತ್ತಿದ್ದವು, ನಡುಕ ಹಲಗೆಗೆ ಇಳಿದು, ಹಲಗೆಯಿಂದ ಲಾರಿಯ ಅಂಚಿಗೆ ಹೋಗಿ, ಗುಮಾಸ್ತನ ಡಬ್ಬಿಯೊಳಗಿನ ತಗಡುಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಗುಮಾಸ್ತ ಡಬ್ಬಿಯೊಳಗೆ ಕೈಯಿಟ್ಟು, ಧಣಿಯ ಮುಖವನ್ನೇ ನೋಡುತ್ತ ಕೂತಿದ್ದ.

ಲಾರಿಯ ಡ್ರೈವರು ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ, ಯಾರೂ ಹೇಳದೆ, ಎಂಜಿನ್ನು ನಿಲ್ಲಿಸಿ, ಬಾಗಿಲು ತೆರೆದು ಕೆಳಗಿಳಿದು, ಚಕ್ರದ ಪಕ್ಕ ಕೂತು ಬೀಡಿ ಹಚ್ಚಿದ.